ಚೆಕಪ್ ಹತ್ತಿರ ಬಂದರೆ ಕೈ ತಾನಾಗಿಯೇ ಕಂಕುಳಿಗೆ ಹೋಗುತ್ತದೆ

ಪ್ರಶ್ನೆ, ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಎರಡು ವರ್ಷ ಆಯಿತು. ಈಗ ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ ಅಷ್ಟೇ. ಮನೆಯವರ ಲೆಕ್ಕದಲ್ಲಿ ನಾನು ಹುಷಾರಾಗಿದ್ದೇನೆ. ಆದರೆ ಆರು ತಿಂಗಳ ಚೆಕಪ್‌ಗೆ ಹದಿನೈದು ದಿನ ಇರುವಾಗಲೇ ನಿದ್ದೆ ಹಾರಿಹೋಗುತ್ತದೆ. ಸ್ನಾನ ಮಾಡುವಾಗ ಕೈ ಕಂಕುಳಿಗೆ ಹೋಗುತ್ತದೆ, ದಿನಾ ನಾಲ್ಕೈದು ಸಲ. ಒತ್ತಿ ಒತ್ತಿ ನೋವು ಬರುತ್ತದೆ, ಆಮೇಲೆ ಆ ನೋವಿಗೇ ಹೆದರುತ್ತೇನೆ. ಹೋದ ವಾರ ಸೊಂಟ ಹಿಡಿಯಿತು. ಹಿಂದಿನ ದಿನ ಅಕ್ಕಿ ಮೂಟೆ ಸರಿಸಿದ್ದು ನೆನಪಿದ್ದರೂ ‘ಮೂಳೆಗೆ ಬಂತು’ ಅಂತ ರಾತ್ರಿಯೆಲ್ಲ ಎದ್ದು ಕೂತಿದ್ದೆ.

ಮೈಂಡ್‌ಫುಲ್‌ನೆಸ್ ಮಾಡು, ಅಂದರೆ ಈ ಕ್ಷಣ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಧ್ಯಾನ ಮಾಡು ಅಂತ ತಂಗಿ ಹೇಳಿದಳು. ಫೋನಿನಲ್ಲಿ ಹಾಕಿಕೊಂಡು, ಕಣ್ಣು ಮುಚ್ಚಿ ಉಸಿರು ಗಮನಿಸಿದರೆ ಎದೆ ಇನ್ನೂ ಜಾಸ್ತಿ ಹೊಡೆದುಕೊಳ್ಳುತ್ತದೆ. ಇದು ನನಗೆ ಆಗಿಬರುವುದಿಲ್ಲವಾ? ಯಾರಿಗಾದರೂ ಹೀಗೆ ಆಗಿತ್ತಾ?

ಉತ್ತರ, ಮೈಸೂರಿನಿಂದ:
ತಂಗೀ, ನನ್ನ ಚಿಕಿತ್ಸೆ ಮುಗಿದು ಒಂಬತ್ತು ವರ್ಷ. ನನಗೂ ಹೀಗೇ ಆಗಿತ್ತು. ಉಸಿರು ನೋಡು ಅಂದರೆ ಗಮನ ಎದೆಗೇ ಹೋಗುತ್ತದೆ. ನಮ್ಮ ಹೊಲಿಗೆ ಇರುವುದೇ ಅಲ್ಲಿ ಅಲ್ವಾ? ಅದಕ್ಕೇ ನಾನು ಅಂಗಾಲಿನಿಂದ ಶುರು ಮಾಡಿದೆ. ಬೆಳಿಗ್ಗೆ ಹಾಲು ಕಾಯಲು ಇಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಲ್ಲುತ್ತಿದ್ದೆ. ಕಣ್ಣು ತೆರೆದೇ. ಹಿಮ್ಮಡಿ ಎಲ್ಲಿ ಊರಿದೆ, ಯಾವ ಬೆರಳಿಗೆ ತಣ್ಣಗಿದೆ, ಅಷ್ಟೇ ನೋಡುವುದು. ಹಾಲು ಕಾಯುವವರೆಗೆ ಸಾಕು.

ಆಮೇಲೆ ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ಲಾಸಿಗೆ ಸೇರಿದೆ. ಜಾನ್ ಕಬಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಹಳ ಕಾಲದ ನೋವಿನಿಂದ ಒದ್ದಾಡುವವರಿಗಾಗಿ ಶುರು ಮಾಡಿದ ಪದ್ಧತಿ ಅದು. ಅಲ್ಲಿಯವರೆಗೆ ನಾನು ಭಯವನ್ನು ಓಡಿಸಲು ಹೋಗಿ ಹೋಗಿ ಸುಸ್ತಾಗಿದ್ದೆ. ಅಲ್ಲಿ ಕಲಿತ ಒಂದು ಮಾತು ಇವತ್ತಿಗೂ ಕೈಹಿಡಿದಿದೆ. ‘ಮೂಳೆಗೆ ಬಂತು’ ಅನ್ನಿಸಿದಾಗ, ‘ಮೂಳೆಗೆ ಬಂತು ಅಂತ ಒಂದು ಯೋಚನೆ ಬಂತು’ ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಆಮೇಲೆ ನೋವನ್ನೇ ನೋಡುತ್ತೇನೆ. ಎಳೆಯುತ್ತಿದೆಯಾ, ಉರಿಯುತ್ತಿದೆಯಾ, ಮಗ್ಗುಲು ಬದಲಿಸಿದರೆ ಏನಾಗುತ್ತದೆ?

ಮುಟ್ಟಿ ನೋಡಲು ತಿಂಗಳಿಗೆ ಒಂದೇ ದಿನ ಇಟ್ಟುಕೋ. ನನ್ನದು 1ನೇ ತಾರೀಕು. ಉಳಿದ ದಿನ ಕೈ ಹೋದರೆ ‘ಓ, ಹೋಯಿತು’ ಅಂದು ಸೋಪಿನ ಕಡೆ ತಿರುಗಿಸು. ಬೈದುಕೊಳ್ಳಬೇಡ. ಮೊದಲ ತಿಂಗಳು ನನಗೆ ಲೆಕ್ಕವೇ ಸಿಗಲಿಲ್ಲ.

ಉತ್ತರ, ಕ್ಯಾನ್ಸರ್ ವಾರ್ಡಿನ ನರ್ಸ್:
ಮೇಡಂ, ಲೆಟ್ರೋಜೋಲ್ ನುಂಗುವವರಿಗೆ ಕೀಲು ನೋವು ಸಾಮಾನ್ಯ. ಹಾಗಂತ ಎರಡು ವಾರವಾದರೂ ಹೋಗದ, ದಿನೇ ದಿನೇ ಜಾಸ್ತಿಯಾಗುವ ನೋವನ್ನು ಧ್ಯಾನದಲ್ಲಿ ತಳ್ಳಬೇಡಿ, ಡಾಕ್ಟರಿಗೆ ಹೇಳಿ. ಸೊಂಟ ನೋವಿನ ಜೊತೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಆ ದಿನವೇ ಬನ್ನಿ. ಕ್ಯಾನ್ಸರ್ ಆದವರ ಆತಂಕಕ್ಕೆ ಮೈಂಡ್‌ಫುಲ್‌ನೆಸ್ ಒಳ್ಳೆಯದು ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2023ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೆ ಅದು ಭಯಕ್ಕೆ ಮಾತ್ರ, ಅದೇ ಕಾಯಿಲೆ ತಡೆಯುವ ಔಷಧಿ ಅಂದುಕೊಂಡು ಮಾತ್ರೆ ಬಿಡಬೇಡಿ. ನಿದ್ದೆಯೇ ಇಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ ಕೇಳಿದವರು:
ಅಕ್ಕಾ, ಇವತ್ತು ಬೆಳಿಗ್ಗೆ ನಿಂತೆ. ಎಡ ಹಿಮ್ಮಡಿ ಒಡೆದಿರುವುದು ಈಗ ಗೊತ್ತಾಯಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದೆ, ಆಮೇಲೆ ಮತ್ತೆ ಚೆಕಪ್ ನೆನಪಾಯಿತು. 19ಕ್ಕೆ ಇದೆ. ಸೊಂಟ ಈಗ ಸರಿಹೋಗಿದೆ, ಆದರೂ ಡಾಕ್ಟರಿಗೆ ಹೇಳುತ್ತೇನೆ. ರಿಪೋರ್ಟಿಗೆ ಕಾಯುತ್ತಾ ಆ ಬೆಂಚಿನ ಮೇಲೆ ಕೂರುವುದೇ ನನಗೆ ಕಷ್ಟ. ಅಲ್ಲಿ ಚಪ್ಪಲಿ ಬಿಟ್ಟು ಕೂರಬಹುದಾ?

ಮೈಸೂರಿನಿಂದ:
ಬಿಟ್ಟು ಕೂತುಕೋ ತಂಗೀ. ನಾನು ಇವತ್ತಿಗೂ ಹಾಗೇ ಕೂರುತ್ತೇನೆ.