ಮನೆಯಲ್ಲಿ ಹಂದಿಯ ಪಕ್ಕೆಲುಬಿಗೆ ಹೊಗೆ ಕೊಡುವುದು: ಇಂದಿನ ಪ್ರಶ್ನೋತ್ತರ

ಬಾಣಸಿಗರು: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಮಾಂಸದ ವಿಭಾಗ ನನ್ನದು. ಪಕ್ಕೆಲುಬಿನ ಬಗ್ಗೆ ಇಂದು ಸಂಜೆ ಏಳರವರೆಗೆ ಕೇಳಬಹುದು. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿದ ಮೇಲೆ ಕೇಳಿ.

ಮೈಸೂರಿನ ಸದಸ್ಯೆ: ಮೇಡಂ, ಅಂಗಡಿಯವರು ಪಕ್ಕೆಲುಬನ್ನು ಕೊಚ್ಚಿ ತುಂಡು ಮಾಡಿಯೇ ಕೊಡುತ್ತಾರೆ. ಅದಕ್ಕೆ ಹೊಗೆ ಕೊಡಬಹುದೇ? ಎಂಟು ಜನರಿಗೆ ಎಷ್ಟು ಕಿಲೋ ಬೇಕು?

ಬಾಣಸಿಗರು: ಕೊಚ್ಚಿದ ತುಂಡು ಸಾರಿಗೆ ಸರಿ, ಹೊಗೆಗೆ ಅಲ್ಲ. ಅದು ಒಂದೇ ಗಂಟೆಯಲ್ಲಿ ಒಣಗಿ ಹೋಗುತ್ತದೆ. ಕತ್ತಿ ಎತ್ತುವ ಮೊದಲೇ ಇಡೀ ಪಕ್ಕೆ ಬೇಕೆಂದು ಹೇಳಿ, ಹೊಟ್ಟೆಯ ಕಡೆಯ ಮೆದುಮೂಳೆಯ ಅಂಚನ್ನು ಮಾತ್ರ ನೇರವಾಗಿ ತೆಗೆಸಿಕೊಳ್ಳಿ. ಒಳಮೈಗೆ ಅಂಟಿರುವ ತೆಳುವಾದ ಬಿಳಿ ಪೊರೆಯನ್ನು ಮನೆಯಲ್ಲಿ ನೀವೇ ತೆಗೆಯಬೇಕು. ಚಮಚದ ಹಿಡಿಯನ್ನು ಒಂದು ಎಲುಬಿನ ಮೇಲೆ ಪೊರೆಯಡಿ ತೂರಿಸಿ ಎಬ್ಬಿಸಿ, ಜಾರದಂತೆ ಒಣ ಬಟ್ಟೆಯಿಂದ ಹಿಡಿದು ಎಳೆದರೆ ಒಂದೇ ಹಾಳೆಯಾಗಿ ಕಿತ್ತು ಬರುತ್ತದೆ.

ಹಾಸನದ ಸದಸ್ಯ: ಯಾವ ಕಟ್ಟಿಗೆ ಒಳ್ಳೆಯದು?

ಬಾಣಸಿಗರು: ಒಣಗಿದ ಸೀಬೆ, ಮಾವು, ಕಾಫಿ ಗಿಡದ ಕಟ್ಟಿಗೆ ಚೆನ್ನಾಗಿರುತ್ತವೆ. ಅಂಟು ಸುರಿಯುವ ಮರ, ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡವೇ ಬೇಡ. ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ. ಗಾಳಿ ಸರಿಯಾಗಿ ಆಡಿ, ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬರುವವರೆಗೆ ಮಾಂಸವನ್ನು ಒಳಗಿಡಬೇಡಿ.

ಡಲ್ಲಾಸ್‌ನ ಸದಸ್ಯ: ಇಲ್ಲಿ ನಾವು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಹೊಗೆ, ಎರಡು ಗಂಟೆ ಫಾಯಿಲ್, ಸಾಸ್ ಬಳಿದು ಒಂದು ಗಂಟೆ ಎಂಬ ಲೆಕ್ಕ ಹಿಡಿಯುತ್ತೇವೆ. ನಡುವೆ 70ರ ಆಸುಪಾಸಿನಲ್ಲಿ ಮಾಂಸದ ಉಷ್ಣತೆ ಏರದೆ ನಿಂತುಬಿಡುತ್ತದೆ. ಆಗ ಬೆಂಕಿ ಹೆಚ್ಚಿಸಬೇಕೇ?

ಬಾಣಸಿಗರು: ಬೇಡ. ಮಾಂಸದ ನೀರು ಆವಿಯಾಗಿ ಅದನ್ನು ತಣಿಸುತ್ತಿರುತ್ತದೆ, ನಾವು ಬೆವರಿದಂತೆ. ಕಾಯಿರಿ, ಇಲ್ಲವೇ ಆಗಲೇ ಫಾಯಿಲ್‌ನಲ್ಲಿ ಸುತ್ತಿ. ನಿಮ್ಮ ಲೆಕ್ಕದಲ್ಲಿ ಎರಡು ಗಂಟೆಯ ಫಾಯಿಲ್ ನಮ್ಮ ಸಣ್ಣ ಹಂದಿಗಳಿಗೆ ಹೆಚ್ಚಾಗಿ, ಮಾಂಸ ಎಲುಬು ಬಿಟ್ಟು ಕಳಚಿ ಬೀಳುತ್ತದೆ.

ಕುಶಾಲನಗರದ ಸದಸ್ಯ: ಮೇಡಂ, ಹಳೆಯ ಡ್ರಮ್ಮಿನಲ್ಲಿ ಇಡೀ ಪಕ್ಕೆಯನ್ನು ನೇತುಹಾಕಿ ನಿನ್ನೆ ಏಳು ಗಂಟೆ ಹೊಗೆ ಕೊಟ್ಟೆ. ಡ್ರಮ್ಮಿನ ಥರ್ಮಾಮೀಟರ್ 50 ಡಿಗ್ರಿ ದಾಟಲಿಲ್ಲ. ಹೊರಗೆ ಒಳ್ಳೆಯ ಕಂದು ಬಣ್ಣ ಬಂದಿದೆ, ಒಳಗೆ ಎಲುಬಿನವರೆಗೂ ಗುಲಾಬಿ ಬಣ್ಣವಿದೆ. ರಾತ್ರಿ ಅಲ್ಲಿಯೇ ಬಿಟ್ಟಿದ್ದೆ. ಈ ಗುಲಾಬಿ ಬಣ್ಣವೇ ಎಲ್ಲರೂ ಹೊಗಳುವ ಹೊಗೆಯ ಉಂಗುರವಲ್ಲವೇ? ಮಧ್ಯಾಹ್ನದ ಊಟಕ್ಕೆ ಬಸುರಿಯಾದ ತಂಗಿಯೂ ಬರುತ್ತಿದ್ದಾಳೆ. ಒಮ್ಮೆ ಕುದಿಸಿ ಬಡಿಸಿದರೆ ಸಾಕೇ?

ಬಾಣಸಿಗರು: ಸಾಲದು. ಆ ಮಾಂಸವನ್ನು ಯಾರಿಗೂ ಬಡಿಸಬೇಡಿ. ಉಳಿದ ಪ್ರಶ್ನೆಗಳು ಕಾಯಲಿ, ಇದನ್ನು ವಿವರವಾಗಿ ಹೇಳಬೇಕಾಗಿದೆ.

ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಮಾಂಸದ ಕೆಂಪು ವರ್ಣದ್ರವ್ಯದೊಂದಿಗೆ ಬೆರೆತು ಆ ಉಂಗುರವಾಗುತ್ತದೆ. ಅದು ಮೇಲ್ಮೈಯಿಂದ ಒಳಕ್ಕೆ ಒಂದು ಸೆಂಟಿಮೀಟರಿನ ಒಳಗೇ ನಿಲ್ಲುವ ಪಟ್ಟಿ, ಅದರಾಚೆ ಬೆಂದ ಮಾಂಸ ಬೂದು ಬಣ್ಣಕ್ಕೆ ತಿರುಗಿರಬೇಕು. ನಿಮ್ಮದು ಎಲುಬಿನವರೆಗೂ ಗುಲಾಬಿಯಾಗಿದ್ದರೆ, ಥರ್ಮಾಮೀಟರೂ 50 ಎನ್ನುತ್ತಿದ್ದರೆ, ಅದು ಹೊಗೆ ಹಿಡಿದ ಹಸಿ ಮಾಂಸವಷ್ಟೇ. ಬಣ್ಣವನ್ನು ನಂಬಿ ಬೆಂದಿದೆಯೆಂದು ತೀರ್ಮಾನಿಸಲೇಬಾರದು. ಎಲುಬಿಗೆ ತಗುಲದಂತೆ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. 63 ಡಿಗ್ರಿ ಮುಟ್ಟಿ ಮೂರು ನಿಮಿಷ ಬಿಟ್ಟರೆ ತಿನ್ನಲು ಸುರಕ್ಷಿತ, ಆದರೆ ಪಕ್ಕೆಲುಬಿನ ನಾರು ಕರಗಿ ಮೆತ್ತಗಾಗಲು 90 ದಾಟಬೇಕು.

ಐದರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೆಳೆಯುತ್ತವೆ. ನಿಮ್ಮ ಮಾಂಸ ಆ ವ್ಯಾಪ್ತಿಯಲ್ಲಿ ಏಳು ಗಂಟೆಯ ಜೊತೆಗೆ ಇಡೀ ರಾತ್ರಿ ಕಳೆದಿದೆ. ಕುದಿಸಿದರೆ ರೋಗಾಣು ಸಾಯಬಹುದು, ಆದರೆ ಸ್ಟ್ಯಾಫಿಲೊಕಾಕಸ್‌ನಂಥವು ಅಷ್ಟರಲ್ಲಿ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆ ಬರದಿದ್ದರೂ ಇದೇ ಮಾತು.

ಮಡಿಕೇರಿಯ ಸದಸ್ಯ: ಇದು ಅತಿಯಾಯಿತು. ನಮ್ಮ ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಮಾಂಸ ಕಟ್ಟುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ.

ಬಾಣಸಿಗರು: ನಿಮ್ಮ ಅಜ್ಜಿ ತೆಳ್ಳಗೆ ಸೀಳಿ, ಉಪ್ಪು ಅರಿಸಿನ ಸವರಿ, ನೀರು ಪೂರ್ತಿ ಬತ್ತುವವರೆಗೆ ಒಣಗಿಸಿ, ಆಮೇಲೆ ಬೇಯಿಸಿ ಬಡಿಸುತ್ತಿದ್ದರು. ಉಪ್ಪು ಸೇರದ, ಎಲುಬು ಸಹಿತದ ದಪ್ಪ ಮಾಂಸಕ್ಕೆ ಅವರ ಹೆಸರು ಹೇಳಬೇಡಿ.

ಮಂಗಳೂರಿನ ಸದಸ್ಯೆ: ಇಷ್ಟೆಲ್ಲ ಯಾಕೆ? ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ, ವಿನೆಗರ್ ಮಸಾಲೆ ಹಚ್ಚಿ ಹೊಗೆಗಿಟ್ಟರೆ ಮುಗಿಯಿತು.

ಮಡಿಕೇರಿಯ ಸದಸ್ಯ: ವಿನೆಗರ್ ಹಚ್ಚಿದ್ದು ಉಪ್ಪಿನಕಾಯಿಯಾಗುತ್ತದೆ. ಹಂದಿಗೆ ನಮ್ಮ ಕೊಡಗಿನ ಹುಳಿ, ಕಾಚಂಪುಳಿಯೇ ಬೇಕು.

ಮಂಗಳೂರಿನ ಸದಸ್ಯೆ: ಕಾಚಂಪುಳಿ ಹಾಕಿದ ತಕ್ಷಣ ಎಲ್ಲವೂ ಕಪ್ಪಗಾಗಿ, ತಿನ್ನುವುದು ಮಾಂಸವೋ ಇದ್ದಿಲೋ ತಿಳಿಯುವುದಿಲ್ಲ.

ಡಲ್ಲಾಸ್‌ನ ಸದಸ್ಯ: ಕುಕ್ಕರಿನಲ್ಲಿ ಬೇಯಿಸಿದರೆ ರುಚಿಯೆಲ್ಲ ನೀರಿಗೆ ಇಳಿಯುತ್ತದೆ. ಇದನ್ನು ಹೊಗೆಯ ಅಡುಗೆ ಎನ್ನಲು ಧೈರ್ಯ ಬೇಕು.

ಮಂಗಳೂರಿನ ಸದಸ್ಯೆ: ನಿಮ್ಮ ಊರಿನ ಗ್ಯಾಸಿನ ಯಂತ್ರದ ಗುಂಡಿ ಒತ್ತಲು ಅದೂ ಬೇಕಿಲ್ಲ.

ಬಾಣಸಿಗರು: ಕುಕ್ಕರು ಸುರಕ್ಷಿತ, ಸಮಯವಿಲ್ಲದವರು ಹಾಗೆಯೇ ಮಾಡಿ. ಹುಳಿ ಯಾವುದಾದರೂ ಆಗಲಿ, ರಾತ್ರಿಯಿಡೀ ನೆನೆಸಿದರೆ ಮೇಲ್ಪದರ ಹಿಟ್ಟಾಗುತ್ತದೆ, ಕೊನೆಯಲ್ಲಿ ಸವರಿ. ಈ ಜಗಳ ಇಲ್ಲಿಗೆ ಸಾಕು.

ತುಮಕೂರಿನ ಸದಸ್ಯ: ಕೋಲಾದಲ್ಲಿ ಮಾಂಸ ಮುಳುಗಿಸಿದರೆ ಹುಳುಗಳೆಲ್ಲ ಹೊರಗೆ ಬರುತ್ತವೆ ಎಂಬ ವಿಡಿಯೊ ಬಂದಿದೆ, ಹಾಕುತ್ತಿದ್ದೇನೆ. ಎಲ್ಲರಿಗೂ ಕಳಿಸಿ.

ಬಾಣಸಿಗರು: ಯಾರಿಗೂ ಕಳಿಸಬೇಡಿ. ಲಾಡಿಹುಳುವಿನ ಮರಿ ಸ್ನಾಯುವಿನೊಳಗೆ ಬಿಳಿ ಗುಳ್ಳೆಯಲ್ಲಿ ಸುತ್ತಿಕೊಂಡಿರುತ್ತದೆ, ತಂಪು ಪಾನೀಯ ಸುರಿದರೆ ಎದ್ದು ನಡೆದು ಬರುವುದಿಲ್ಲ. ಅಕ್ಕಿಕಾಳಿನಂಥ ಗುಳ್ಳೆ ಕಂಡರೆ ಮಾಂಸವನ್ನು ಅಂಗಡಿಗೆ ಹಿಂದಿರುಗಿಸಿ. ಕಾಣದಿದ್ದರೂ ಪೂರ್ತಿ ಬೇಯಿಸಿ.

ತುಮಕೂರಿನ ಸದಸ್ಯ: ಆದರೆ ಮಿದುಳಿಗೆ ಹುಳು ಹೋಗುವುದು ಹಂದಿ ತಿಂದವರಿಗೇ ಅಲ್ಲವೇ?

ಬಾಣಸಿಗರು: ಅಲ್ಲ. ಮಿದುಳಿನ ಕಾಯಿಲೆ ಬರುವುದು ಮನುಷ್ಯನ ಮಲದ ಮೂಲಕ ಸೊಪ್ಪು, ನೀರು, ಕೈ ಸೇರಿದ ಲಾಡಿಹುಳುವಿನ ಮೊಟ್ಟೆಗಳಿಂದ. ಮಾಂಸವನ್ನೇ ಮುಟ್ಟದವರಿಗೂ ಬರುತ್ತದೆ. ಅರೆಬೆಂದ ಹಂದಿ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಆ ಮೊಟ್ಟೆಗಳು ಬರುವುದೂ ಅಲ್ಲಿಂದಲೇ.

ಹುಬ್ಬಳ್ಳಿಯ ಸದಸ್ಯ: ಪೊರೆ ತೆಗೆಯಲೇಬೇಕೇ? ಯಾವ ಕಟ್ಟಿಗೆ?

ಬಾಣಸಿಗರು: ಎರಡೂ ಮೇಲಿವೆ.

ಬೆಂಗಳೂರಿನ ಸದಸ್ಯೆ: ಫ್ಲಾಟಿನ ಬಾಲ್ಕನಿಗೆ ಗಾಜಿನ ಬಾಗಿಲಿದೆ. ಮಳೆ ಬಂದರೆ ಮುಚ್ಚಿಕೊಂಡು ಇದ್ದಿಲು ಉರಿಸಬಹುದೇ?

ಬಾಣಸಿಗರು: ಖಂಡಿತ ಕೂಡದು. ಮುಚ್ಚಿದ ಜಾಗದಲ್ಲಿ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ಮೈಸೂರಿನ ಸದಸ್ಯೆ: ಎಷ್ಟು ಕಿಲೋ ಎಂದು ಕೇಳಿದ್ದೆ, ಉತ್ತರ ಸಿಗಲಿಲ್ಲ.

ಹಾಸನದ ಸದಸ್ಯ: ಕಾಫಿ ಕಟ್ಟಿಗೆ ನೆನೆಸಬೇಕೇ?

ಬಾಣಸಿಗರು: ಬೇಡ. ನೆನೆಸಿದರೆ ಮೊದಲು ಬರುವುದು ಹಬೆ.

ಕುಶಾಲನಗರದ ಸದಸ್ಯ: ನಾಲ್ಕು ಕಿಲೋ ಮಾಂಸ ಮೇಡಂ. ಕೊನೆಗೆ ನಾಯಿಗಾದರೂ ಹಾಕಬಹುದೇ?

ಬಾಣಸಿಗರು: ಬೇಡ. ಮಣ್ಣಿನಲ್ಲಿ ಆಳವಾಗಿ ಹೂಳಿ, ನಾಯಿ ಕೆದಕದಂತೆ ಮೇಲೆ ಕಲ್ಲಿಡಿ.