ಸ್ಯೂಡೋ ಅಲರ್ಜಿಗೆ ‘ಹುಸಿ ಅಲರ್ಜಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ರೋಗಿಗಳಿಗೆ ಕೊಡುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ‘ಸ್ಯೂಡೋ ಅಲರ್ಜಿ’ಗೆ (ನೋಡಲು ಅಲರ್ಜಿಯಂತೆಯೇ ಇದ್ದು, ಬೇರೆ ದಾರಿಯಲ್ಲಿ ಬರುವ ರಿಯಾಕ್ಷನ್) ‘ಹುಸಿ ಅಲರ್ಜಿ’ ಎಂದು ಹಾಕಿದ್ದಾರೆ. ನನಗೇಕೋ ಒಪ್ಪಿಗೆಯಾಗುತ್ತಿಲ್ಲ. ಹುಸಿನಗು, ಹುಸಿಮುನಿಸು, ಹುಸಿ ಬಾಂಬ್ ಕರೆ: ಎಲ್ಲ ಕಡೆಯೂ ‘ಹುಸಿ’ ಅಂದರೆ ಒಳಗೆ ಏನೂ ಇಲ್ಲ ಅಂತಲೇ ಅಲ್ವಾ? ಇಲ್ಲಿ ಗಂದೆ ಏಳುವುದು ನಿಜ, ತುಟಿ ಊದುವುದು ನಿಜ, ಕೆಲವೊಮ್ಮೆ ಉಸಿರು ಕಟ್ಟುವುದೂ ನಿಜ.

ಬೇರೆಯಾಗುವುದು ಅದು ಬರುವ ದಾರಿ. ಪೆನಿಸಿಲಿನ್ ಅಲರ್ಜಿ ತೆಗೆದುಕೊಳ್ಳಿ. ದೇಹ ಆ ಔಷಧಿಯ ವಿರುದ್ಧ ಮೊದಲೇ ಐಜಿಇ ಎಂಬ ಪ್ರತಿಕಾಯ ತಯಾರಿಸಿ, ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಕೂರಿಸಿರುತ್ತದೆ. ಔಷಧಿ ಮತ್ತೆ ಒಳಗೆ ಬಂದಾಗ ಆ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಸುರಿಯುತ್ತವೆ. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಸಾಮಾನ್ಯವಾಗಿ ಈ ಪೂರ್ವತಯಾರಿಯೇ ಬೇಕಿಲ್ಲ. ಡ್ರಿಪ್ ಜೋರಾಗಿ ಬಿಟ್ಟರೆ ಅದು ನೇರವಾಗಿ ಮಾಸ್ಟ್ ಕೋಶಗಳನ್ನು ಕೆಣಕುತ್ತದೆ. ಮೊದಲ ಸಲಕ್ಕೇ ಮುಖ, ಕತ್ತು, ಎದೆಯ ಮೇಲ್ಭಾಗ ಕೆಂಪಾಗಿ ತುರಿಕೆ ಶುರುವಾಗಬಹುದು. ಈ ಔಷಧಿಯ ಡ್ರಿಪ್ ನಿಧಾನವಾಗಿ ಬಿಡುವುದು ಇದಕ್ಕೇ. ಅಲರ್ಜಿ ಅಲ್ಲವೆಂದು ಖಚಿತವಾದರೆ, ವೇಗ ತಗ್ಗಿಸಿ ಅದೇ ಔಷಧಿಯನ್ನು ಮುಂದುವರಿಸುವುದುಂಟು.

ಆಸ್ಪಿರಿನ್ ಕತೆ ಇನ್ನೊಂದು. ಅದು ಒಂದು ಕಿಣ್ವವನ್ನು ತಡೆಯುವುದರಿಂದ ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ಕೆರಳುತ್ತದೆ. ಅದೇ ಕಿಣ್ವ ತಡೆಯುವ ಐಬುಪ್ರೊಫೆನ್ ನುಂಗಿದರೂ ಅಷ್ಟೇ.

ಯಾವ ದಾರಿಯಲ್ಲಿ ಬಂದರೂ, ಉಸಿರು ಕಟ್ಟಿ ಬಿಪಿ ಕುಸಿದರೆ ಮೊದಲು ಕೊಡುವುದು ಅಡ್ರಿನಲಿನ್ ಚುಚ್ಚುಮದ್ದೇ. ಚೀಟಿಯಲ್ಲಿ ‘ಹುಸಿ’ ಅಂತ ಓದಿದವರು ಸುಮ್ನೆ ಕಾಯುತ್ತಾ ಕೂತರೆ ಏನು ಗತಿ?

‘ಹುಸಿ ಅಲರ್ಜಿ’ ಬದಲು ‘ಒಗ್ಗದಿಕೆ’ ಅನ್ನೋಣವೆಂದರೆ, ಪದ ಚೆನ್ನಾಗಿದೆ, ಆದರೆ ಅದರ ಬಲೆ ತೀರಾ ಅಗಲ. ಅಮಾಕ್ಸಿಸಿಲಿನ್ ತೆಗೆದುಕೊಂಡು ಬರೀ ಭೇದಿಯಾದವರೂ ‘ನನಗೆ ಅದು ಒಗ್ಗಲ್ಲ’ ಅನ್ನುತ್ತಾರೆ. ಅದು ಅಡ್ಡಪರಿಣಾಮ. ಅದನ್ನು ಅಲರ್ಜಿ ಎಂದು ಬರೆದಿಟ್ಟರೆ ಒಳ್ಳೆಯ ಔಷಧಿಯೊಂದು ಸುಮ್ಮನೆ ಕೈತಪ್ಪುತ್ತದೆ. (1906ರಲ್ಲಿ ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಪದ ಕಟ್ಟಿದಾಗ ಅದರ ಅರ್ಥವೂ ಈಗಿನದಕ್ಕಿಂತ ಅಗಲವಾಗಿಯೇ ಇತ್ತು!)

ಸದ್ಯಕ್ಕೆ ‘ಅಲರ್ಜಿಯಂಥ ರಿಯಾಕ್ಷನ್’ ಎಂದು ಬರೆದಿದ್ದೇನೆ. ಅರ್ಥ ಕೆಡುವುದಿಲ್ಲ, ಆದರೆ ಪಟ್ಟಿಯ ತಲೆಬರಹಕ್ಕೆ ಉದ್ದ ಜಾಸ್ತಿಯಾಯಿತು. ವಾರ್ಡಿನಲ್ಲೋ ಔಷಧಿ ಅಂಗಡಿಯಲ್ಲೋ ಕೆಲಸ ಮಾಡುವವರು ಇದಕ್ಕೆ ಚಿಕ್ಕದಾಗಿ ಏನನ್ನುತ್ತೀರಿ?