ಧರಣಿ, ಮೆರವಣಿಗೆ ಮಾಡಿದ್ರೆ ನಿಜವಾಗ್ಲೂ ಎಂತಾದ್ರೂ ಬದಲಾಗ್ತದಾ?

ಕಡಲತಡಿ:
ನಾನು ಮಂಗಳೂರಲ್ಲಿ ಡಿಗ್ರಿ ಫೈನಲ್ ಇಯರ್, ಸುರತ್ಕಲ್ ಕಡೆಯಿಂದ ದಿನಾ ಬಸ್ಸಲ್ಲಿ ಬರುದು. 2022ರಲ್ಲಿ ಟೋಲ್‌ಗೇಟ್ ಹತ್ರ ಹಗಲು ರಾತ್ರಿ ಧರಣಿ ಕೂತಿದ್ರಲ್ಲ, ಅದನ್ನ ಬಸ್ಸಿನ ಕಿಟಕಿಯಿಂದ ದಿನಾ ನೋಡ್ತಿದ್ದೆ. ಡಿಸೆಂಬರ್ 1ಕ್ಕೆ ಅಲ್ಲಿ ಸುಂಕ ವಸೂಲಿ ನಿಂತಿತು. ಅಪ್ಪ ಹೇಳುದು ಅದು ಹೇಗೂ ಹೋಗ್ಲಿಕ್ಕೇ ಇತ್ತು, ಹೆಜಮಾಡಿಯ ಟೋಲ್‌ಗೇಟಿಗೆ ಸೇರಿಸಿದ್ದು ಅಷ್ಟೆ, ಕೂತದ್ದಕ್ಕೆ ಹೋದದ್ದಲ್ಲ ಅಂತ. ಅಮ್ಮ ಹೇಳುದು ಅವರು ಕೂರದಿದ್ರೆ ಇವತ್ತೂ ಇರ್ತಿತ್ತು, ತೆಗೀತೇವೆ ತೆಗೀತೇವೆ ಅಂತ ಹೇಳ್ತಾ ಎಷ್ಟು ವರ್ಷ ಹೋಗಿತ್ತು ಅಂತ. ನಂಗೆ ಸೆಮಿನಾರಿಗೆ ಇದೇ ವಿಷಯ ಸಿಕ್ಕಿದ್ದು. ಪುಸ್ತಕದಲ್ಲಿ ಜಾಗೃತಿ, ಸಂಘಟನೆ, ಹೋರಾಟ, ಕಾನೂನು ಅಂತ ನಾಲ್ಕು ಶಬ್ದ ಉಂಟು, ಆದ್ರೆ ಒಂದರಿಂದ ಇನ್ನೊಂದಕ್ಕೆ ಹೋಗುದು ಹೇಗೆ ಅಂತ ಇಲ್ಲ. ನಮ್ಮ ಊರಿನ ಉದಾಹರಣೆ ಕೊಟ್ಟು ಯಾರಾದ್ರೂ ಹೇಳ್ತೀರಾ?

ಮುಡಿಅಕ್ಕಿ:
ನಾನು ಕಾರ್ಕಳ ಕಡೆಯವ, ಮೇಷ್ಟ್ರಾಗಿ ರಿಟೈರ್ ಆದದ್ದು. ನಿಮಗೆ ಭೂಮಸೂದೆಗಿಂತ, ಅಂದ್ರೆ ಗೇಣಿ ಜಾಗ ಒಕ್ಕಲಿಗೇ ಕೊಡುವ ಕಾನೂನಿಗಿಂತ, ಒಳ್ಳೆ ಉದಾಹರಣೆ ಇಡೀ ಜಿಲ್ಲೆಯಲ್ಲಿ ಸಿಗ್ಲಿಕ್ಕಿಲ್ಲ. ನಮ್ಮ ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗೆ ಜಾಗದ ಹಕ್ಕು ಸ್ವಲ್ಪ ಗಟ್ಟಿ ಇತ್ತು, ಚಾಲಗೇಣಿ ಅಂದ್ರೆ ಧಣಿ ಏಳು ಅಂದ ದಿನ ಏಳ್ಬೇಕು. ಕೊಯ್ಲಾದ ಮೇಲೆ ಅಕ್ಕಿಯನ್ನ ಬೈಹುಲ್ಲಲ್ಲಿ ಮುಡಿ ಕಟ್ಟಿ ಧಣಿ ಮನೆಗೆ ಹೊತ್ತು ಹಾಕಿ ಉಳಿದದ್ರಲ್ಲಿ ಮಳೆಗಾಲ ಕಳೀಬೇಕು, ಆಷಾಢದಲ್ಲಿ ನಮ್ಮಲ್ಲಿ ಗಂಜಿಗಿಂತ ತಿಳಿಯೇ ಹೆಚ್ಚು.

ಉಳುವವನೇ ಹೊಲದೊಡೆಯ ಅಂತ ಕೂಗಿದ್ದು ಎಷ್ಟೋ ವರ್ಷದ ಹಿಂದಿಂದ. ನಮ್ಮ ಜಿಲ್ಲೆಯಲ್ಲಿ ಬಿ.ವಿ. ಕಕ್ಕಿಲ್ಲಾಯರಂಥವರು, ಕಮ್ಯುನಿಸ್ಟ್ ಪಕ್ಷದವರು, ರೈತ ಸಂಘದವರು ಊರೂರು ತಿರುಗಿದ್ರು. ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿ ಬಂತು, 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಎಲ್ಲ ಸರ್ಕಾರಕ್ಕೆ ಅಂತಾಯ್ತು. ಎಲ್ಲರೂ ಕತೆ ಅಲ್ಲಿಗೆ ಮುಗಿಸ್ತಾರೆ ಮಾರಾಯ್ರೆ, ನಮ್ಮಲ್ಲಿ ಅದು ಶುರುವಾದದ್ದೇ ಅಲ್ಲಿಂದ. ಕಾನೂನು ಬಂತು ಅಂತ ಜಾಗ ತಾನಾಗಿ ಒಕ್ಕಲಿನ ಹೆಸರಿಗೆ ಬರುದಿಲ್ಲ, 7ನೇ ನಮೂನೆಯ ಅರ್ಜಿ ತುಂಬಿಸಿ ಭೂ ನ್ಯಾಯಮಂಡಳಿಗೆ, ಟ್ರಿಬ್ಯೂನಲ್ಲಿಗೆ ಕೊಡ್ಬೇಕು. ಡಿಕ್ಲರೇಶನ್ ಕೊಡುದು ಅಂತ ಹೇಳ್ತೇವಲ್ಲ ಅದು. ಯಾರ ಮೇಲೆ ಕೊಡುದು? ಮಗಳ ಮದುವೆಗೆ ಅಕ್ಕಿ ಕೊಟ್ಟವರ ಮೇಲೆ, ಬಾಣಂತಿಗೆ ಗಾಡಿ ಕಳಿಸಿದವರ ಮೇಲೆ. ನಮ್ಮ ಅಜ್ಜಿ ಎರಡು ದಿನ ಊಟ ಬಿಟ್ಟು ಕೂತ್ರು, ಉಂಡ ಮನೆಯ ಜಂತಿ ಎಣಿಸ್ತೀರಾ ಅಂತ. ಆಚೆ ಮನೆಯವರ ಹತ್ರ ಧಣಿ ದೈವದ ಎದುರು ಮಾತು ತಗೊಂಡ್ರು, ಅವರು ಡಿಕ್ಲರೇಶನ್ ಕೊಡ್ಲೇ ಇಲ್ಲ. ಅವರ ಮಕ್ಕಳೆಲ್ಲ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದ್ರು, ಆ ಜಾಗ ಇವತ್ತಿಗೂ ಅವರದ್ದಲ್ಲ.

ನಮ್ಮ ಅಜ್ಜ ಕೊಟ್ಟದ್ದು ಹೇಗೆ ಅಂದ್ರೆ, ಸಂಘದ ಇಬ್ರು ಹುಡುಗರು ರಾತ್ರಿ ಚಿಮಣಿ ದೀಪ ಹಿಡ್ಕೊಂಡು ಮನೆಮನೆಗೆ ಬಂದು ಚಾವಡಿಯಲ್ಲಿ ಕೂತು ಸರ್ವೆ ನಂಬ್ರ ಕೇಳಿ ಕೇಳಿ ಫಾರಂ ಬರೆದ್ರು, ಓದ್ಲಿಕ್ಕೆ ಬಾರದವರ ಹೆಬ್ಬೆಟ್ಟು ಒತ್ತಿಸಿದ್ರು, ಟ್ರಿಬ್ಯೂನಲ್ಲಿಗೆ ಹೋಗುವ ದಿನ ಬೈಲಿನ ಹತ್ತು ಮನೆಯವರು ಒಟ್ಟಿಗೆ ಹೋಗುದು ಅಂತ ಮಾಡಿದ್ರು ಯಾಕಂದ್ರೆ ಒಬ್ಬನೇ ಹೋದ್ರೆ ಧಣಿಯ ಮುಖ ನೋಡಿ ನಾಲಿಗೆ ಏಳುದಿಲ್ಲ. ಆಗ ಅಲ್ಲಿ ವಕೀಲರಿಗೆ ಪ್ರವೇಶ ಇರ್ಲಿಲ್ಲ, ಒಕ್ಕಲೇ ಬಾಯಿ ಬಿಡ್ಬೇಕಿತ್ತು. ಅಜ್ಜ ಜೀವಮಾನದಲ್ಲಿ ಮೊದಲ ಸಲ ಧಣಿಯ ಎದುರು ಕುರ್ಚಿಯಲ್ಲಿ ಕೂತು ಮಾತಾಡಿದ್ದು ಆ ದಿನ. ನೀವು ಕೇಳಿದ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ನನ್ನ ಪ್ರಕಾರ ಆ ಚಾವಡಿ. ಮೆರವಣಿಗೆ ನಡೆಸಿದವರೇ ಆಮೇಲೆ ಫಾರಂ ತುಂಬಿಸ್ಲಿಕ್ಕೂ ಕೂತ್ರು, ಹಾಗಾಗಿ ನಮ್ಮಲ್ಲಿ ಬದಲಾಯ್ತು.

ಪಡುಬಿದ್ರಿಬೈಲು:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಗೆದ್ದದ್ದು ಗೆದ್ದಲ್ಲೇ ನಿಲ್ತದೆ ಅಂತ ಬರೀಬೇಡಿ. ನಂದಿಕೂರಲ್ಲಿ ಕೊಜೆಂಟ್ರಿಕ್ಸ್ ಅಂತ ಕಂಪೆನಿ 1000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡ್ಲಿಕ್ಕೆ ಹೊರಟಾಗ ಎಷ್ಟು ದೊಡ್ಡ ಹೋರಾಟ ಆಯ್ತು, ಕೋರ್ಟಿಗೂ ಹೋದ್ರು, 1999ರ ಡಿಸೆಂಬರಲ್ಲಿ ಕಂಪೆನಿಯೇ ಬಿಟ್ಟು ಹೋಯ್ತು. ನಾವು ಪಟಾಕಿ ಹೊಡೆದು ಮನೆಗೆ ಹೋದೆವು. ಸುಮಾರು ಹತ್ತು ವರ್ಷ ಕಳೆದದ್ದೇ ಪಕ್ಕದ ಎಲ್ಲೂರಲ್ಲಿ ಬೇರೆ ಹೆಸರಲ್ಲಿ ಕಲ್ಲಿದ್ದಲು ಸ್ಥಾವರ ಎದ್ದು ನಿಂತಿತು. ಆಗಲೂ ವಿರೋಧ ಇತ್ತು, ಆದ್ರೆ ಮೊದಲಿನ ಜನ ಇರ್ಲಿಲ್ಲ. ಅರ್ಧ ಜನಕ್ಕೆ ವಯಸ್ಸಾಗಿತ್ತು, ಅರ್ಧ ಜನ ಒಮ್ಮೆ ಮಾಡಿ ಆಯ್ತಲ್ಲ ಅಂದ್ರು. ನಂಗೆ ಇವತ್ತಿಗೂ ಬೇಸರ ಇರುದು ಎಂತಕ್ಕೆ ಅಂದ್ರೆ ನಾವು ಸಂಘಟನೆಯನ್ನ ಆ ಒಂದು ಕಂಪೆನಿಗೆ ಬೇಕಾದಷ್ಟೇ ಕಟ್ಟಿದ್ದು.

ಕಡಲತಡಿ:
ಅಂದ್ರೆ ಕಾನೂನು ಬಂದ್ರೂ ಸಾಲುದಿಲ್ಲ, ಗೆದ್ರೂ ಸಾಲುದಿಲ್ಲ. ಮತ್ತೆ ಮೊದಲು ಬದಲಾಗುದು ಎಂತ?

ಬಿದಿರುಬುಟ್ಟಿ:
ನಾನು ಉಡುಪಿ, ಕುಂದಾಪುರ ಕಡೆ ಕೊರಗ ಅಂತ ಬುಡಕಟ್ಟು ಸಮುದಾಯದವರ ಕಾಲೊನಿಗಳಿಗೆ ಹೋಗಿ ಕೆಲಸ ಮಾಡುವವಳು. ನಾನು ಆ ಸಮುದಾಯದವಳಲ್ಲ, ಕಂಡದ್ದನ್ನ ಹೇಳ್ತೇನೆ. ಅಜಲು ಅಂತ ಕೇಳಿದ್ದೀರಾ? ಬೇರೆಯವರ ಕಾಯಿಲೆ, ಅಪಶಕುನ ಎಲ್ಲ ಕೊರಗರ ಮೇಲೆ ಹೋಗ್ಲಿ ಅಂತ ಕೂದಲು, ಉಗುರು ಸೇರಿಸಿದ ಅನ್ನ ತಿನ್ನಿಸುದು, ಕಂಬಳದ ಹಿಂದಿನ ರಾತ್ರಿ ಇಡೀ ಡೋಲು ಬಾರಿಸ್ಲಿಕ್ಕೆ ಕೂರಿಸುದು. ಅಜಲು ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಆದ್ರೆ ನಾವು ಬರುದಿಲ್ಲ ಅಂತ ಸಮುದಾಯದ ಯುವಕರು ಹೇಳ್ಲಿಕ್ಕೆ ಶುರು ಮಾಡಿದ್ದು ಅದಕ್ಕಿಂತ ಮೊದಲು. 1993ರಲ್ಲಿ ಭೂಮಿ ಬೇಕು ಅಂತ ಅವರೇ ಮಂಗಳೂರಲ್ಲಿ ದೊಡ್ಡ ಮೆರವಣಿಗೆ ಮಾಡಿದ್ರು, ಆ ನೆನಪಿಗೆ ಈಗಲೂ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಮಾಡ್ತಾರೆ.

ಒಬ್ರು ಹಿರಿಯರು ನಂಗೆ ಹೇಳಿದ್ದು, ಕರೆಯುವವರು ಬಾಗಿಲಿಗೆ ಬಂದಾಗ ಇಲ್ಲ ಅನ್ಲಿಕ್ಕೆ ಆದದ್ದು ಆ ದಿನ ರಸ್ತೆಯಲ್ಲಿ ತಮ್ಮವರು ಎಷ್ಟು ಜನ ಇದ್ದಾರೆ ಅಂತ ಕಣ್ಣಾರೆ ನೋಡಿದ ಮೇಲೆ ಅಂತ. ಅಲ್ಲಿವರೆಗೆ ಪ್ರತಿ ಮನೆಯೂ ತಾವೊಬ್ರೇ ಅಂತ ಹೆದರಿತ್ತು. ಮೊದಲು ಬದಲಾಗುದು ಎಂತ ಅಂತ ಕೇಳಿದ್ರಲ್ಲ, ನಾನು ಇದನ್ನೇ ಹೇಳ್ತೇನೆ. ಈಗ ಕೆಲವು ಹುಡುಗರು ಡೋಲನ್ನ ತಮ್ಮ ಕಲೆ ಅಂತ ಸ್ಟೇಜಲ್ಲಿ ಬಾರಿಸ್ತಾರೆ, ಕೆಲವರಿಗೆ ಅದನ್ನ ಮುಟ್ಲಿಕ್ಕೂ ಮನಸ್ಸಿಲ್ಲ, ಅದರ ಬಗ್ಗೆ ಅವರೊಳಗೇ ಮಾತುಕತೆ ಉಂಟು. ಭೂಮಿಯ ಕೆಲಸ ಮಾತ್ರ ತುಂಬಾ ಬಾಕಿ, ಮೇಷ್ಟ್ರು ಹೇಳಿದ ಫಾರಂ ತುಂಬಿಸುವ ಕೆಲಸವನ್ನ ನಾವು ಇವತ್ತೂ ಮಾಡ್ತಾ ಇದ್ದೇವೆ.

ಕಡಲತಡಿ:
ಅಕ್ಕ, ಭೂಮಿ ಹಬ್ಬಕ್ಕೆ ನಾನು ಬರ್ಬಹುದಾ? ಟೋಲ್‌ಗೇಟಲ್ಲಿ ಕೂತವರ ಹತ್ರವೂ ಮಾತಾಡ್ಬೇಕು ಅಂತ ಉಂಟು, ಅಪ್ಪ ಅಮ್ಮನ ಜಗಳ ಕೇಳಿ ಬರೆದ್ರೆ ಆಗುದಿಲ್ಲ.

ಬಿದಿರುಬುಟ್ಟಿ:
ಬನ್ನಿ, ಮೊದಲು ಅವರ ಹತ್ರ ಕೇಳಿ ಹೇಳ್ತೇನೆ. ಮೊದಲ ಸಲ ಬರುವಾಗ ಫೋನ್ ತೆಗೆದು ವಿಡಿಯೋ ಮಾಡ್ಬೇಡಿ, ಬೆಳಿಗ್ಗೆಯೇ ಬಂದು ಅಡಿಗೆಗೆ ಕೈ ಹಾಕಿ, ಮಾತು ಆಮೇಲೆ ಅವರೇ ಶುರು ಮಾಡ್ತಾರೆ.